ಕೌದಿ ಕೆಳಗಿನ ರೊಟ್ಟಿ

ಅಪ್ಪಾ,

ತೀರ್ಥರೂಪ ಅಂತ ಬರ್ಯಾಕ ಹೋದೆ, ಕೈ ಬರಲಿಲ್ಲ. ಬರೇ ಅಪ್ಪಾ ಅಂತೇನಿ, ಅಷ್ಟಕ್ಕ ಸಮಾಧಾನ ಮಾಡ್ಕೊ. ನೀ ಇದ್ದಾಗ ತಲಿ ಮ್ಯಾಲಿನ ಸೆರಗ ಜಾರಗೊಡದ ‘ಹೌದ್ರಿ, ಇಲ್ರಿ’ ಅಂತ ಮಾತಾಡಿದಾಕಿ ನಾ. ಈಗ ನೀ ಅಂತೇನಿ. ಸತ್ತಾವ್ರಿಗೆ ಸಿಟ್ಟು ಬರೂದಿಲ್ಲ, ಬಂದ್ರೂ ಬಾರಕೋಲ ಕೈಗೆ ಸಿಗೂದಿಲ್ಲ. ನೀ ಹೋಗಿ ಮೂರು ತಿಂಗಳಾತು. ಇಲ್ಲಿ ಇಂಡಿ ಊರಾಗ ನನ್ನ ಖೋಲ್ಯಾಗ ಕುಂತು ಬರ್ಯಾಕತ್ತೇನಿ. ಬಾಜೂ ಖೋಲ್ಯಾಗ ನೀಲಾ ಹೊಲಿಗಿ ಮಶೀನ ತುಳ್ಯಾಕತ್ತಾಳ. ಹೌದು, ಅದೇ ನೀಲಾ. ನಾಕು ವರ್ಷ ಯಾರ ಹೆಸರ ನೀ ಬಾಯಾಗ ತರಲಿಲ್ಲೋ, ಆ ನಿನ್ನ ಸಣ್ಣ ಮಗಳು. ಅಕಿ ಸಲುವಾಗಿ ಬರ್ಯಾಕತ್ತೇನಿ, ನಿನ್ನ ಸಲುವಾಗಿ ಅಲ್ಲ.

ಅಕಿ ಏಳನೇತ್ತೆ ಪಾಸಾದ ದಿನ ನೆನಪೈತೇನು? ಸಾಲಿಯಿಂದ ಓಡಿಕೋತ ಬಂದು, ಪಾವಟಿಗಿ ಎಡವಿ ಬಿದ್ದು, ಮೊಣಕಾಲಾಗ ರಕ್ತ ಸುರ್ಯಾಕತ್ತಿದ್ರೂ ನಗಾಕತ್ತಿದ್ಳು. ಅಕಿ ಹಿತ್ತಲದಾಗ ನಕ್ರ ಬಾವಿಗೆ ಬಂದ ಹೆಂಗಸ್ರು ಕೊಡ ಕೆಳಗಿಟ್ಟು ತಿರುಗಿ ನೋಡ್ತಿದ್ರು, ಅಂಥಾ ನಗಿ. ನೀ ಬಾಗೇವಾಡಿ ಸಂತಿಯಿಂದ ಪೇಢೆ ತರಿಸಿ ಓಣಿಗೆಲ್ಲಾ ಹಂಚಿದಿ. ಎಂಟು ದಿನ ಆಗೂದರಾಗ ಪಾಟಿಚೀಲ ಅಟ್ಟಕ್ಕ ಏರಿಸಿದಿ. ‘ಹುಡುಗಿ ದೊಡ್ಡಾಕಿ ಆಗೂ ಹೊತ್ತು, ಸಾಲಿ ಸಾಕು’ ಅಂದಿ. ಅಕಿ ಅಟ್ಟದ ಕೆಳಗ ನಿಂತು ಆ ಚೀಲ ನೋಡ್ಕೋತ ಇದ್ಳಂತ. ಅವ್ವ ಊಟಕ್ಕ ಕರದ್ಳು, ಬಂದು ಉಂಡ್ಳು.

ನಾ ಆಗ ಊರಾಗ ಇರಲಿಲ್ಲ. ಮುದ್ದೇಬಿಹಾಳಕ್ಕ ಕೊಟ್ಟಿದ್ದಿ ನನ್ನ, ಗಂಡ ಎರಡ ವರ್ಷಕ್ಕ ತೀರಿಕೊಂಡ, ಬರಿಗೈಲೆ ಬಂದೆ. ‘ಮುಂಜಾನೆದ್ದು ಇಕಿ ಮಾರಿ ನೋಡಬೇಕಲ್ಲ’ ಅಂತ ನೀ ಅವ್ವನ ಮುಂದ ಅಂದದ್ದು ಒಲಿ ಮುಂದ ಕುಂತ ನನಗ ಕೇಳಿಸಿತ್ತು. ಅದಕ್ಕ ವಿಜಾಪುರಕ್ಕ ನರ್ಸ್ ಟ್ರೇನಿಂಗಿಗೆ ಕಳಿಸಿದಿ. ಊರ ಮುಂದ ಮಾತ್ರ ‘ಮಗಳನ್ನ ಓದಸಾಕತ್ತೇನಿ’ ಅಂತ ಮೀಸಿ ತಿರುವಿದಿ. ಇರಲಿ. ನಿನ್ನ ಆ ಅಸಹ್ಯದಿಂದ ನನಗ ಒಂದು ವಿದ್ಯಾ ಸಿಕ್ಕಿತು, ಅದೇ ವಿದ್ಯಾ ನಿನ್ನ ಮಗಳ ಜೀವಕ್ಕ ಬಂತು. ನಿನಗ ಉಪಕಾರ ಹೇಳಬೇಕೇನ ನಾ?

ನೀಲಾಗ ಮೊದಲ ಬಂದದ್ದು ಸಿಡುಕು. ಅಳು ಅಲ್ಲ, ದುಃಖ ಅಲ್ಲ, ಸಿಡುಕು. ಸಾರಿಗೆ ಉಪ್ಪು ಹೆಚ್ಚಾತು ಅಂತ ತಾಟ ಒಗದ್ಳಂತ. ತಲಿ ಬಾಚಾಕ ಕರದ್ರ ಅವ್ವನ ಕೈ ಕಚ್ಚಿದ್ಳಂತ. ದಿನಾ ಹೊಟ್ಟಿ ಬ್ಯಾನಿ ಅಂತಿದ್ಳು, ಅಜವಾನ ತಿನಿಸಿದ್ರು, ಹಿಂಗು ಹಚ್ಚಿದ್ರು, ಕಡಿಮಿ ಆಗಲಿಲ್ಲ. ನಸುಕಿನ್ಯಾಗ ಎದ್ದು ಕುಂತಿರ್ತಿದ್ಳು, ಹಗಲಿ ಬಿದ್ದಿರ್ತಿದ್ಳು. ಕಸಾ ಹೊಡಿ ಅಂದ್ರ ಕಸಬರಗಿ ಹಿಡಕೊಂಡು ಅರ್ಧ ತಾಸು ಒಂದ ಕಡೆ ನಿಂತಬಿಡ್ತಿದ್ಳು. ‘ಸೊಕ್ಕು, ಉಂಡ ಸೊಕ್ಕು’ ಅಂದಿ ನೀ. ಬಾರಕೋಲ ತೊಗೊಂಡು ಬೆನ್ನ ಮ್ಯಾಲೆ ಬಾರಿಸಿದಿ. ಎತ್ತಿಗೆ ಹೊಡಿಯೂಮುಂದ ನೀ ಕೈ ತಡದು ಹೊಡಿತಿದ್ದಿ, ನಾ ನೋಡೇನಿ. ಅಕಿಗೆ ತಡಿಲಿಲ್ಲ. ಆಮ್ಯಾಲೆ ಸಿಡುಕು ನಿಂತಿತು. ಸಿಡುಕಿನ ಹಿಂದ ಮಾತೂ ನಿಂತಿತು, ತುತ್ತೂ ನಿಂತಿತು. ‘ನೋಡು, ಹೊಡದ್ರ ಬುದ್ಧಿ ಬರ್ತೈತಿ’ ಅಂತ ಅವ್ವಗ ಹೇಳಿದಿ.

ಆ ಶ್ರಾವಣದಾಗ ನಮ್ಮ ಪಡಸಾಲ್ಯಾಗ ಪುರಾಣ ಹಚ್ಚಿಸಿದ್ದಿ. ಎಮರ್ಜೆನ್ಸಿ ವರ್ಷ ಅದು, ನಾಕು ಮಂದಿ ಕೂಡಿದ್ರ ಏನಾಕ್ಕೈತೋ ಅಂತ ಊರಾಗ ಅಂಜಿಕಿ ಇತ್ತು, ಪುರಾಣಕ್ಕ ಮಾತ್ರ ಯಾರ ತಂಟೆನೂ ಇರಲಿಲ್ಲ. ಪುರಾಣ ಹೇಳಾಂವ ಯಾವನೋ ಮುದುಕ, ಉಂಡು ಎಲಿ ಹಾಕ್ಕೊಂಡು ಗ್ವಾಡಿಗೆ ಆತು ಕುಂತಿದ್ದ. ಮೂಲ್ಯಾಗ ಗ್ವಾಡಿ ಕಡೆ ಮಾರಿ ಮಾಡಿ ಕುಂತ ನೀಲಾನ್ನ ನೋಡಿ, ‘ಈ ಕೂಸಿನ ಮಾರಿ ಮ್ಯಾಲೆ ಎಂಥಾ ವೈರಾಗ್ಯ ಐತಿ ನೋಡ್ರಿ ಗೌಡ್ರ’ ಅಂದ. ಅಂದು ಉಗುಳಾಕ ಹೊರಗ ಹೋದ. ಅಷ್ಟ ಅವನ ಮಾತು. ಹುಣ್ಣಿವಿ ಮುಗಿಸಿ ತನ್ನ ದಾರಿ ಹಿಡದು ಹೋದ, ತಾ ಏನ ಬಿತ್ತಿ ಹೋದೆ ಅಂತ ಅವಗ ಖಬರೂ ಇರಲಿಕ್ಕಿಲ್ಲ. ಆದ್ರ ನೀ ಅವತ್ತ ಬಾರಕೋಲ ಗೂಟಕ್ಕ ಹಾಕಿದಾಂವ ಮತ್ತ ಅದನ್ನ ಅಕಿ ಮ್ಯಾಲೆ ಎತ್ತಲಿಲ್ಲ.

ಏನ ಶಾಣ್ಯಾನಪ್ಪಾ ನೀ! ಅಕಿ ಜಡ್ಡಿನ ಒಂದೊಂದು ಲಕ್ಷಣಕ್ಕೂ ಒಂದೊಂದು ಚಂದನ ಹೆಸರ ಇಟ್ಟಿ. ಉಣ್ಣವಲ್ಲಳು ಅಂದ್ರ ಉಪವಾಸ. ಮಾತಾಡವಲ್ಲಳು ಅಂದ್ರ ಮೌನವ್ರತ. ನಿದ್ದಿ ಇಲ್ಲ ಅಂದ್ರ ಜಾಗರಣಿ. ಜಳಕ ಇಲ್ಲ, ತಲಿ ಬಾಚಿಲ್ಲ, ಹೇನ ಹರದಾಡಾಕತ್ತಾವು ಅಂದ್ರ ದೇಹದ ಹಂಗ ಹರಕೊಂಡಾಳ. ಸುಮ್ಮ ಸುಮ್ಮನ ಕಣ್ಣಾಗ ನೀರ ಬಂದ್ರ ಭಕ್ತಿ ಉಕ್ಕಾಕತ್ತೈತಿ. ಹೊಡಿಸಿಕೊಂಡ ಮೈಮ್ಯಾಲಿನ ಬರಿ ಮುಚ್ಚೂ ಹಂಗ ವಿಭೂತಿ ಹಚ್ಚಿಸಿದಿ. ಪಡಸಾಲ್ಯಾಗ ಕಟ್ಟಿ ಕಟ್ಟಿಸಿ, ಕೌದಿ ಹಾಸಿ, ಹದಿಮೂರು ವರ್ಷದ ಹುಡುಗಿನ್ನ ಅದರ ಮ್ಯಾಲೆ ಕೂಡಿಸಿದಿ. ನೀಲಾ ಹೋಗಿ ನೀಲಮ್ಮತಾಯಿ ಆದ್ಳು.

ದೀಪಾವಳಿ ರಜಾಕ್ಕ ನಾ ಊರಿಗೆ ಬಂದಾಗ ಬಾಗಲದಾಗ ಚಪ್ಪಲಿ ರಾಶಿ ಬಿದ್ದಿತ್ತು. ಯಾರೋ ಸತ್ತಾರಂತ ತಿಳದು ಚೀಲ ಅಲ್ಲೇ ಒಗದೆ. ಒಳಗ ಹ್ವಾದ್ರ ನೀಲಾ ಕಟ್ಟಿ ಮ್ಯಾಲೆ, ಕೊರಳಾಗ ಮಾಲಿ, ಕೆಳಗ ಮಂದಿ ಅಡ್ಡಬೀಳಾಕತ್ತಾರ. ಗಲ್ಲ ಒಳಗ ಹೋಗಿ ಕಣ್ಣ ಬರೇ ತೂತ ಆಗಿದ್ದವು. ‘ಏ ನೀಲಾ’ ಅಂದೆ, ನೋಡಲಿಲ್ಲ. ಮಂದಿ ಹೋದಮ್ಯಾಲೆ ಹತ್ತಿರ ಹೋಗಿ ಅಕಿ ರಟ್ಟಿ ಜೋರಾಗಿ ಚಿವುಟಿದೆ. ಉಗುರ ಒಳಗ ಇಳಿಯೂ ಹಂಗ ಚಿವುಟಿದೆ ಅಪ್ಪಾ, ನಾನೇನ ದೇವರಂಥಾಕಿ ಅಲ್ಲ. ನಾಟಕ ಮಾಡಾಕತ್ತಾಳ ಅನ್ಕೊಂಡಿದ್ದೆ, ಕೂಸ ಮೆರವಣಿಗಿಯೊಳಗ ಮಜಾ ಮಾಡಾಕತ್ತೈತಿ, ನಾ ಅಲ್ಲಿ ಮಂದಿ ಹೇಲು ಉಚ್ಚಿ ಬಳ್ಯಾಕತ್ತೇನಿ ಅಂತ ಹೊಟ್ಟಿಕಿಚ್ಚೂ ಇತ್ತು. ಅಕಿ ಕೈ ಹಿಂದಕ್ಕ ಎಳಕೊಳ್ಳಲಿಲ್ಲ. ನನ್ನ ಉಗುರಿನ ಗುರುತು ನೋಡ್ಕೋತ ಕುಂತ್ಳು. ಆಗ ನನಗ ಅಂಜಿಕಿ ಬಂತು.

ತಾಂಬಾ ಊರಾಂವ ಒಬ್ಬಾಂವ ಎತ್ತು ಕೊಳ್ಳಲೇನು ಅಂತ ಕೇಳಾಕ ಬಂದಿದ್ದ, ನೆನಪ ಮಾಡ್ಕೊ. ಅಕಿ ಮೂಗಿನ ಮ್ಯಾಲೆ ನೊಣ ಕುಂತು ಮಾರಿ ತಿರುವಿದ್ಳು. ‘ತಾಯಿ ಬ್ಯಾಡಂತಾಳ’ ಅಂತ ನೀ ಅಪ್ಪಣಿ ಕೊಟ್ಟಿ. ಆ ಎತ್ತು ಬ್ಯಾರೆದವ್ರ ಮನ್ಯಾಗ ಕಾಲ ಮುರಕೊಂತು ಅಂತ ಸುದ್ದಿ ಬಂದದ್ದ ತಡ, ಸಿಂದಗಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬರಾಕತ್ತಿದ್ರು. ಸಾಲೋಟಗಿಯಾಕಿ ಒಬ್ಬಾಕಿ ಸೊಸಿಗೆ ಮಕ್ಕಳಾಗ್ತಾವೇನು ಅಂತ ಕೇಳಿದ್ಳು. ನೀಲಾ ಅಲುಗಾಡಲಿಲ್ಲ. ಅದಕ್ಕೂ ನಿನ್ನ ಕಡೆ ಅರ್ಥ ಇತ್ತು. ಅಕಿ ಉಸಿರಿಗೂ ಅರ್ಥ, ಕೆಮ್ಮಿಗೂ ಅರ್ಥ. ಹಸುವು ಆಗೇತೇನು ನೀಲಾ, ಬ್ಯಾನಿ ಆಗೇತೇನು ನೀಲಾ, ಅಂತ ಕೇಳಾವ್ರು ಮಾತ್ರ ಒಬ್ಬರೂ ಇರಲಿಲ್ಲ.

ಮಠದ ಅಜ್ಜಾರ ಹತ್ತಿರ ಕರಕೊಂಡ ಹೋಗಿದ್ದಿ, ಆಶೀರ್ವಾದ ಮಾಡಿಸಾಕ. ಅವ್ವನೂ ಇದ್ಳು, ಅಕಿನ ನನಗ ಹೇಳಿದ್ಳು. ಅಜ್ಜಾರು ನೀಲಾನ ರಟ್ಟಿ ಹಿಡದು ನೋಡಿ, ಕಣ್ಣಿನ ರೆಪ್ಪಿ ಎಳದು ನೋಡಿ, ‘ಸಿದ್ದಪ್ಪ, ವೈರಾಗ್ಯ ಅಂದ್ರ ಏನಂತ ನಾ ಐವತ್ತು ವರ್ಷದಿಂದ ಹುಡುಕಾಕತ್ತೇನಿ, ನನಗ ಸಿಕ್ಕಿಲ್ಲ. ಈ ಕೂಸಿಗೆ ಹ್ಯಾಂಗ ಸಿಕ್ಕೀತೋ? ಇದಕ್ಕ ಜಡ್ಡ ಐತಿ, ದವಾಖಾನಿಗೆ ತೋರಿಸು’ ಅಂದ್ರಂತ. ನೀ ಏನ ಮಾಡಿದಿ? ಬರೂ ದಾರ್ಯಾಗ ‘ಅಜ್ಜಾರಿಗೆ ಮತ್ಸರ’ ಅಂದಿ. ಮರುದಿನದಿಂದ ಆ ಮಠಕ್ಕ ಜ್ವಾಳ ಕಳಿಸೂದು ಬಂದ್ ಮಾಡಿದಿ. ಅವ್ವ ಒಂದ್ಸಲನೂ ನಿನಗ ಎದುರ ಮಾತಾಡಿದಾಕಿ ಅಲ್ಲ, ಆಗೂ ಆಡಲಿಲ್ಲ. ತಾ ಹಡದ ಮಗಳ ಕಾಲ ಮುಟ್ಟಿ ಕಣ್ಣಿಗೆ ಒತ್ಕೊಂಡು, ಒಳಗ ಹೋಗಿ ಅಳತಿದ್ಳು.

ವಿಜಾಪುರಕ್ಕ ವಾಪಸ್ ಹೋದಾಕಿ ನಮ್ಮ ಡಾಕ್ಟರ್ ಬಾಯಾರ ಮುಂದ ಎಲ್ಲಾ ಹೇಳಿದೆ. ಅವರು ಬರಕೊಳ್ಳೂದು ಬಿಟ್ಟು ಪೆನ್ನ ಕೆಳಗಿಟ್ರು. ‘ಹುಡುಗರ ಮನಸ್ಸಿಗೂ ಜಡ್ಡ ಬರ್ತೈತಿ ಶಾಂತಾ. ನಾವು ಓದೂಮುಂದ ಸಣ್ಣವ್ರಿಗೆ ಇದು ಬರೂದ ಇಲ್ಲ ಅಂತ ಕಲಿಸಿದ್ರು. ಈಗ ಕಣ್ಣಾರೆ ನೋಡಾಕತ್ತೇನಿ. ದೊಡ್ಡಾವ್ರಂಗ ಅವು ನನಗ ದುಃಖ ಆಗೇತಿ ಅಂತ ಹೇಳೂದಿಲ್ಲ. ಹೊಟ್ಟಿ ಬ್ಯಾನಿ ಅಂತಾವು, ತಾಟ ಒಗಿತಾವು, ಸಾಲಿ ಒಲ್ಲೆ ಅಂತಾವು. ಮಂದಿ ಮೈಗಳ್ಳತನ ಅಂತ ಹೊಡಿತಾರ. ಲಗೂನ ಕರಕೊಂಡ ಬಾ’ ಅಂದ್ರು. ‘ನಮ್ಮಪ್ಪ ಸಾಲಿ ಬಿಡಿಸಿದ್ದಕ್ಕ ಬಂತೇನ್ರಿ’ ಅಂತ ಕೇಳಿದೆ. ಹೌದು ಅಂತಾರ ಅಂತ ಆಸೆಯಿಂದ ಕೇಳಿದೆ. ಅವರು ಹೌದು ಅನ್ನಲಿಲ್ಲ. ಒಬ್ಬೊಬ್ಬರಿಗೆ ಕಾರಣ ಇದ್ದು ಬರ್ತೈತಿ, ಒಬ್ಬೊಬ್ಬರಿಗೆ ಕಾರಣ ಇಲ್ಲದನೂ ಬರ್ತೈತಿ, ಬಂದದ್ದಕ್ಕ ನಿಮ್ಮಪ್ಪನ್ನ ಹಿಡಿಬ್ಯಾಡ, ಬೆಳಿಸಿದ್ದಕ್ಕ ಹಿಡಿ ಅಂದ್ರು. ನನಗ ಅಷ್ಟ ಸಾಕಾತು.

ಸಂಕ್ರಾಂತಿ ಮುಂದ ಅವ್ವ ಓದಾಕ ಬಾರದಾಕಿ ಯಾರ ಕಡೆನೋ ಕಾರ್ಡ್ ಬರಿಸಿ ಕಳಿಸಿದ್ಳು, ‘ಬೇಗ ಬಾ’ ಅಂತ ಎರಡ ಶಬ್ದ. ಓಡಿ ಬಂದೆ. ಆಗಿದ್ದೇನಂದ್ರ, ಏಳು ತಿಂಗಳದಾಗ ಮೊದಲನೇ ಸಲ ನೀಲಾ ಬಾಯಿ ತೆರದಿದ್ಳು. ನಿನ್ನ ಮಾರಿ ನೋಡಿ, ‘ಅಪ್ಪಾ, ನನಗ ಸಾಕಾತು, ಸತ್ತ ಹೋಗಬೇಕು ಅನಸ್ತೈತಿ’ ಅಂದಿದ್ಳು. ಒಂದು ಕೂಸು ಅಪ್ಪನ ಮುಂದ ಇದಕ್ಕಿಂತ ಚೊಕ್ಕ ಹ್ಯಾಂಗ ಹೇಳಬೇಕು? ನೀ ಎರಡೂ ಕೈ ಎತ್ತಿ ಮುಗದು ಹೊರಗ ಬಂದು, ‘ತಾಯಿ ಬರೂ ಹುಣ್ಣಿವಿಗೆ ಐಕ್ಯ ಆಗ್ತಾಳಂತ’ ಅಂತ ಊರಿಗೆಲ್ಲಾ ಸಾರಿದಿ. ಬನ್ನಿಗಿಡದ ಹೊಲದಾಗ ಗದ್ದಿಗಿಗೆ ಜಾಗಾ ಅಳದಿ. ನಾಕು ಆಳ ಹಚ್ಚಿ, ಕೂಡಿಸಿ ಮಣ್ಣ ಕೊಡೂ ಕುಣಿ ತೋಡಿಸಾಕತ್ತಿ. ಮಗಳ ಜೀವ ಇನ್ನೂ ಇತ್ತಪ್ಪಾ! ನಾ ಬಸ್ ಇಳದು ಬರೂಮುಂದ ಆ ತೆಗ್ಗ ನೋಡಿದೆ. ಅಕಿ ಅಳತಿಗೆ ಬರೋಬ್ಬರಿ ಇತ್ತು.

ನಿನ್ನ ಕಾಲ ಹಿಡಕೊಂಡು ಹೇಳಿದೆ, ಇಲ್ಲಂತ ಅನ್ನಬ್ಯಾಡ. ‘ಜಡ್ಡ ಐತ್ರಿ, ಔಷಧ ಐತ್ರಿ, ಹದಿನೈದು ದಿನ ನನ್ನ ಕೈಗೆ ಕೊಡ್ರಿ’ ಅಂದೆ. ‘ಮುಂಡಿ, ನಿನ್ನ ಗಂಡನ್ನ ಉಳಿಸಿಕೊಳ್ಳಾಕ ಆಗಲಿಲ್ಲ, ನನ್ನ ತಾಯಿನ್ನ ಉಳಿಸ್ತಿಯಾ?’ ಅಂತ ಒದ್ದಿ. ಪೋಲೀಸ್ ಪಾಟೀಲನ ಮನಿಗೆ ಹೋದೆ. ಅಂವ ಗದ್ದಿಗಿ ಮ್ಯಾಲೆ ಹಾಕಾಕ ಶಾಲ ತರಿಸಿ ಇಟ್ಟಿದ್ದ. ಹುಣ್ಣಿವಿಗೆ ಐದ ದಿನ ಉಳಿದಿತ್ತು. ಇಷ್ಟ ದಿನ ಅವ್ವ ಕದ್ದು ಬಾಯಾಗ ಹಾಕಿದ ಹಾಲಿನ ಮ್ಯಾಲೆ ನೀಲಾನ ಜೀವ ನಿಂತಿತ್ತು, ಈಗ ಎರಡ ಚಮಚ ಹಾಕಿದ್ರ ಅದೂ ಕಟವಾಯಿಂದ ಹೊರಗ ಬರ್ತಿತ್ತು. ನಾ ನರ್ಸ್, ನಾಡಿ ಹಿಡದು ನೋಡಿದ್ದೆ. ಐದ ದಿನ ತಡಿಯೂ ನಾಡಿ ಆಗಿರಲಿಲ್ಲ ಅದು.

ಮರುದಿನ ಮುಂಜಾನೆ ಪಡಸಾಲಿ ತುಂಬ ಮಂದಿ. ನಾ ಮುಂಡಿ, ಕಟ್ಟಿ ಹತ್ತಿರ ಬರಬಾರದಾಕಿ, ಸೀದಾ ಕಟ್ಟಿ ಏರಿದೆ. ‘ನಿಮ್ಮ ತಾಯಿ ದಿನಾ ನಸುಕಿನ್ಯಾಗ ಕದ್ದು ಉಣ್ತಾಳ. ನಿನ್ನೆ ಬಂದಾಕಿ ನನ್ನ ಕಡೆನೂ ರೊಟ್ಟಿ ತರಿಸಿಕೊಂಡು ಉಂಡಾಳ. ಸುಳ್ಳಂದ್ರ ನೋಡ್ರಿ’ ಅಂತ ಚೀರಿ, ಅಕಿ ಕೆಳಗಿನ ಕೌದಿ ಎಳದೆ. ಅರ್ಧ ತಿಂದ ಎರಡ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲದ ಹೆಂಟಿ ಕೆಳಗ ಬಿದ್ದವು. ಮಂದಿ ಎದ್ದು ಬಗ್ಗಿ ಬಗ್ಗಿ ನೋಡಿದ್ರು. ನೀ ‘ಖರೇ ಏನವ್ವಾ?’ ಅಂತ ಅಕಿನ್ನ ಕೇಳಿದಿ. ಅಕಿ ನನ್ನ ಮಾರಿ ನೋಡಿದ್ಳು. ಬಾಯಿ ತೆರಿಲಿಲ್ಲ. ಏಳು ತಿಂಗಳ ಅಕಿ ಸುಮ್ಮನಿದ್ದದ್ದಕ್ಕ ಏನೇನೋ ಅರ್ಥ ಹಚ್ಚಿದಾಂವ ಅವತ್ತೂ ಒಂದ ಅರ್ಥ ಹಚ್ಚಿದಿ. ಕೂದಲ ಹಿಡದು ಕೆಳಗ ಎಳದಿ. ಹೆಣ್ಣಮಕ್ಕಳು ಉಗುಳಿದ್ರು. ಹಿಂದಿನ ದಿನ ಅಕಿ ಕಾಲ ತೊಳದ ನೀರ ಕುಡದಾಕಿ ಒಬ್ಬಾಕಿ ಸಗಣಿ ತಂದು ಒಗದ್ಳು. ‘ಒಯ್ಯಿ ಈ ಕಳ್ಳಿನ್ನ, ನನ್ನ ಮನ್ಯಾಗ ಎರಡೂ ಹೆಣ ಬ್ಯಾಡ’ ಅಂದಿ. ಅದೇ ಬೇಕಾಗಿತ್ತು ನನಗ. ಸಗಣಿ ಒರಸಲಿಲ್ಲ, ಹಂಗ ಹೆಗಲಿಗೆ ಹಾಕ್ಕೊಂಡು ಬಾಗೇವಾಡಿ ಬಸ್ಸಿಗೆ ಏರಿದೆ. ಕೋಳಿಗಿಂತ ಹಗೂರ ಇದ್ಳು.

ವಿಜಾಪುರದಾಗ ನರಕ್ಕ ನೀರ ಏರಿಸಿ ಜೀವ ಉಳಿಸಿ, ಡಾಕ್ಟರ್ ಬಾಯಾರು ಚೀಟಿ ಕೊಟ್ಟು ಧಾರವಾಡಕ್ಕ ಕಳಿಸಿದ್ರು. ಅಲ್ಲಿ ಗುಳಿಗಿ ಕೊಟ್ರು, ಮೂರು ವಾರ ಏನೂ ಫರಕ ಕಾಣೂದಿಲ್ಲ, ಗಾಬರಿ ಆಗಬ್ಯಾಡ ಅಂದ್ರು. ಇಪ್ಪತ್ತ ದಿನಕ್ಕೋ ಏನೋ, ನೀಲಾ ‘ಅಕ್ಕಾ, ತಲಿ ಕಡಿಯಾಕತ್ತೈತಿ’ ಅಂದ್ಳು. ಹೇನ ಹರದಾಡೂದು ಅಕಿಗೆ ಆವಾಗ ಗೊತ್ತಾಗಿತ್ತು! ನಾ ಹಣಗಿ ಹಿಡಕೊಂಡು ಗೊಳೋ ಅಂತ ಅತ್ತೆ. ಒಂದ ದಿನ ಕೇಳಿದೆ, ಹ್ಯಾಂಗಿತ್ತ ನಿನಗ ಅಂತ. ‘ಎಲ್ಲಾ ಕೇಳಿಸ್ತಿತ್ತಕ್ಕಾ. ಜವಾಬ ಬಾಯಿತನಾ ಬರೂದರಾಗ ದಣಿವಾಗ್ತಿತ್ತು. ಬಿಟ್ಟಬಿಡ್ತಿದ್ದೆ’ ಅಂದ್ಳು. ‘ಅಡ್ಡಬೀಳೂಮುಂದ ಏನ ಅನಸ್ತಿತ್ತು?’ ಅಂದೆ. ‘ಇವ್ರು ಹೋದ್ರ ಬೇಸಿ ಅನಸ್ತಿತ್ತು’ ಅಂದ್ಳು. ಪೂರ್ತಿ ಗುಣ ಆಗೇತಿ ಅಂತ ತಿಳಿಬ್ಯಾಡ ಮತ್ತ. ಆಮ್ಯಾಲೆ ಎರಡ ಸಲ ತಿರುಗಿ ಬಂತು. ಈಗ ಬರೂಮುಂದನ ಅಕಿಗೆ ಗೊತ್ತಾಗತೈತಿ, ತಾನ ಹೋಗಿ ಗುಳಿಗಿ ತರ್ತಾಳ.

ಈಗ ಕೇಳು. ಆ ರೊಟ್ಟಿ ನಾ ಇಟ್ಟದ್ದು. ಹಿಂದಿನ ದಿನ ಸಂಜಿಮುಂದ ಅವ್ವ ಬಡದ ರೊಟ್ಟಿಯೊಳಗ ಎರಡ ತೊಗೊಂಡು, ಹಿತ್ತಲದಾಗ ನಿಂತು ನಾನ ಕಡದು, ಹಲ್ಲಿನ ಗುರುತು ಮೂಡಿಸಿ, ನೀಲಾನ ಕೆಳಗ ತುರುಕಿದೆ. ಅಕಿ ನೋಡ್ಕೋತನ ಇದ್ಳು. ನಿನ್ನ ಮಗಳು ಒಂದ ತುತ್ತು ಕದ್ದು ಉಂಡಿಲ್ಲ ಅಪ್ಪಾ. ನಿನಗ ಒಂದ ಸುಳ್ಳ ಹೇಳಿಲ್ಲ. ತಾನು ದೇವರು ಅಂತ ಅಕಿ ಯಾವತ್ತೂ ಅಂದಿರಲಿಲ್ಲ, ಅಂದಾಂವ ನೀ. ಉಂಡಾಳ ಅಂದಾಕಿ ನಾ. ನಮ್ಮಿಬ್ಬರ ಸುಳ್ಳಿನ ನಡುವ ಅಕಿ ಬಾಯಿಲ್ಲದ ಕುಂತಿದ್ಳು. ‘ಇಲ್ಲ’ ಅನ್ನೂವಷ್ಟು ತ್ರಾಣ ಅಕಿಗೆ ಇಲ್ಲ ಅಂತ ನನಗ ಗೊತ್ತಿತ್ತು, ಅದನ್ನ ನಂಬೇ ನಾ ಆ ಆಟ ಹೂಡಿದೆ. ಮಾತಾಡೂ ಹುಡುಗಿಯಾಗಿದ್ರ ನನ್ನ ಸುಳ್ಳ ಅಲ್ಲೇ ಹೊರಗ ಬೀಳ್ತಿತ್ತು.

‘ಅಕ್ಕಾ, ಅಪ್ಪಗ ಖರೇ ಹೇಳು’ ಅಂತ ಮಾತು ಬಂದ ದಿನದಿಂದ ನೀಲಾ ನನ್ನ ಬೆನ್ನ ಹತ್ತಿದ್ಳು. ‘ಕಳ್ಳಿ ಅಂತ ತಿಳ್ಕೊಂಡಾನ ನನ್ನ’ ಅಂತ ಅಳತಿದ್ಳು. ನಾ ಆಗೂದಿಲ್ಲ ಅಂದೆ. ಯಾಕಂತ ಈಗರ ನಿನಗ ತಿಳಿಯಾಕ ಬೇಕು. ನಾ ಬಂದು, ಇಲ್ಲ ಅಪ್ಪಾ, ಖರೇನ ಅಕಿ ಏಳು ತಿಂಗಳ ಉಂಡಿಲ್ಲ ಅಂದಿದ್ರ ನೀ ಏನ ಮಾಡ್ತಿದ್ದಿ? ‘ನಾ ಹೇಳಿರಲಿಲ್ಲೇನು, ಖರೇ ತಾಯಿ’ ಅಂತ ಮತ್ತ ಗಾಡಿ ಕಟ್ಟಿಕೊಂಡು ಬರ್ತಿದ್ದಿ, ಕಟ್ಟಿಗೆ ಸುಣ್ಣ ಹಚ್ಚಿಸ್ತಿದ್ದಿ. ಆ ತೆಗ್ಗ ನೀ ಮುಚ್ಚಿಸಿರಲಿಲ್ಲ ಮತ್ತ, ನನಗ ಸುದ್ದಿ ಬರ್ತಿತ್ತು. ಅದಕ್ಕ ನಾಕು ವರ್ಷ ನೀಲಾನ್ನ ಕಳ್ಳಿ ಮಾಡಿ ಇಟ್ಟೆ. ಅದು ಔಷಧ ಇದ್ದಂಗಿತ್ತು, ಕಹಿ ಇದ್ರೂ ಕುಡಿಸಿದೆ. ಇಲ್ಲಿಮಟ ನನಗ ಯಾವ ನಾಚಿಕಿನೂ ಇಲ್ಲ.

ನಿನ್ನ ಕಡೀ ದಿನ ಬ್ಯಾರೆ. ಅವ್ವ ಹೇಳಿ ಕಳಿಸಿದ್ಳಂತ ಇಬ್ಬರೂ ಬಂದ್ವಿ. ನೀ ಜ್ವರದಾಗ ಒಣಗಿ ‘ನೀರು, ನೀರು’ ಅನ್ನಾಕತ್ತಿದ್ದಿ. ನೀಲಾ ನೀರಿನ ವಾಟಗಾ ತೊಗೊಂಡು ಬಾಯಿಗೆ ಹಿಡದ್ಳು. ಕಣ್ಣ ತೆರದು ನೋಡಿದಿ, ಯಾರಂತ ಗುರುತ ಹಿಡದಿ, ಹಲ್ಲ ಕಚ್ಚಿ ಬಾಯಿ ಮುಚ್ಚಿದಿ. ‘ಕಳ್ಳಿ ಕೈಲೆ ಬ್ಯಾಡ’ ಅಂದಿ. ಅಕಿ ವಾಟಗಾ ಹಿಡಕೊಂಡು ಹಂಗ ಕುಂತ್ಳು, ಮತ್ತ ಹಿಡದ್ಳು, ನೀ ಮತ್ತ ಮುಚ್ಚಿದಿ. ನಾ ಬಾಗಲದಾಗ ನಿಂತಿದ್ದೆ. ಅಕಿ ತಿರುಗಿ ನನ್ನ ನೋಡಿದ್ಳು. ಹೇಳು ಅಂತ ನೋಡಿದ್ಳು. ಅವತ್ತ ಕುಣಿ ತೋಡಾವ್ರು ಯಾರೂ ಇರಲಿಲ್ಲ, ಎದ್ದು ಕೂಡೂ ಶಕ್ತಿನೂ ನಿನಗ ಇರಲಿಲ್ಲ. ಒಂದ ಮಾತ ಹೇಳಿದ್ರ ಯಾರಿಗೂ ಏನೂ ಆಗ್ತಿರಲಿಲ್ಲ. ನೀ ಆ ನೀರ ಕುಡಿತಿದ್ದಿ, ಅಕಿಗೆ ಅಪ್ಪ ಸಿಗ್ತಿದ್ದ. ನಾ ಹೇಳಲಿಲ್ಲ. ಯಾಕ? ನೀ ಒಣ ಬಾಯಿಲೆ ಹೋಗಲಿ ಅಂತ. ಮುಂಡಿ ಅಂದಿದ್ದಿ, ಒದ್ದಿದ್ದಿ, ಕೂಸಿನ ಅಳತಿ ತೊಗೊಂಡು ತೆಗ್ಗ ತೋಡಿಸಿದ್ದಿ. ಅದನ್ನೆಲ್ಲಾ ನೆನಸಿಕೋತ ಬಾಗಲಕ್ಕ ಆತು ನಿಂತೆ. ಸಂಜಿಮುಂದ ನೀ ಹ್ವಾದಿ. ಇದನ್ನ ಯಾವ ಔಷಧ ಅನ್ನಲಿ?

ನಿನ್ನ ಮಣ್ಣ ಮುಗಿಸಿ ಬಂದ ದಿನದಿಂದ ನೀಲಾ ನನ್ನ ಕೂಡ ಮಾತಾಡಿಲ್ಲ. ಮೊದಲ ಎರಡ ದಿನ ನಾ ಸತ್ತಷ್ಟು ಹೆದರಿದೆ, ಜಡ್ಡ ತಿರುಗಿ ಬಂತು ಅಂತ. ಆಮ್ಯಾಲೆ ನೋಡ್ತೇನಿ, ಬದನಿಕಾಯಿ ಮಾರಾಕಿ ಕೂಡ ಜಗಳಾಡಾಕತ್ತಾಳ. ಹೊಲಿಗಿಗೆ ಬಂದ ಹುಡುಗ್ಯಾರ ಕೂಡ ಹರಟಿ ಹೊಡಿತಾಳ, ಎರಡ ರೊಟ್ಟಿ ಜಾಸ್ತಿನ ಉಣ್ತಾಳ. ನನ್ನ ಕೂಡ ಒಬ್ಬಾಕಿ ಕೂಡ ಮಾತ್ರ ಇಲ್ಲ. ಇದು ಜಡ್ಡಲ್ಲ ಅಪ್ಪಾ, ಸಿಟ್ಟು. ನನಗ ಫರಕ ಗೊತ್ತಾಗತೈತಿ. ಹಗಲೆಲ್ಲಾ ಅಕಿ ಬೆನ್ನ ನೋಡ್ಕೋತ ಇರ್ತೇನಿ, ಎದಿ ಸುಡತೈತಿ, ಆದ್ರೂ ಒಳಗ ಒಂದ ಕಡೆ ಬೇಸಿ ಅನಸ್ತೈತಿ. ಸಿಟ್ಟಿಗೇಳಾಕ ಜೀವದಾಗ ಕಸುವ ಬೇಕು, ಅಕಿ ಕಡೆ ಈಗ ಅದು ಐತಿ.

ಮೊನ್ನೆ ತಡಿಲಾರದ ಅಂದೆ, ‘ನೀಲಾ, ಬರೂ ಸೋಮವಾರ ಊರಿಗೆ ಹೋಗ್ತೇನಿ. ಅಗಸಿ ಕಟ್ಟಿ ಮ್ಯಾಲೆ ನಿಂತು ಮಂದಿಗೆಲ್ಲಾ ಖರೇ ಹೇಳ್ತೇನಿ. ಅವ್ವನ ಮುಂದನೂ ಹೇಳ್ತೇನಿ.’ ಅಕಿ ಮಶೀನ ನಿಲ್ಲಿಸಿದ್ಳು. ಬಾಜೂ ಮನಿ ಗೌರಕ್ಕ ಕುಬಸದ ಅರಿವಿ ತೊಗೊಂಡು ಅಲ್ಲೇ ಕುಂತಿದ್ಳು. ನಾ ಮೂರು ಮೊಳದಾಗ ನಿಂತಿದ್ರೂ ನೀಲಾ ಗೌರಕ್ಕನ ಮಾರಿ ನೋಡಿ ಮಾತಾಡಿದ್ಳು. ಪಾಪ ಗೌರಕ್ಕ, ನನಗ ಕೇಳಿಸೇ ಇಲ್ಲೇನೋ ಅನ್ನೂ ಹಂಗ ನನ್ನ ಕಡೆ ತಿರುಗಿ ಎಲ್ಲಾ ಇನ್ನೊಮ್ಮಿ ಒಪ್ಪಿಸಿದ್ಳು. ‘ನೀ ಹೇಳೂದು ಬ್ಯಾಡಂತ ಶಾಂತವ್ವ. ಕಟ್ಟಿ ಮ್ಯಾಲೆ ಅಕಿನ ಏರತಾಳಂತ. ಅಕಿಗೆ ಬಾಯಿ ಐತಂತ, ಅಕಿನ ಹೇಳ್ತಾಳಂತ. ನೀ ಕೆಳಗ ಮಂದ್ಯಾಗ ನಿಂತು ಕೇಳಬೇಕ ಅಂತಾಳ. ಉಗುಳಿದ್ರ ಒರಸಿಕೊಳ್ಳಬಾರದಂತ.’

ಆತು ಅಂತ ಹೇಳ್ರಿ ಅಂದೆ ಗೌರಕ್ಕಗ. ಸೋಮವಾರ ಮುಂಜಾನಿ ಬಸ್ಸಿಗೆ ಹೋಗ್ತೇವಿ ಅಪ್ಪಾ. ನಿನ್ನ ಮಗಳು ಮಂದಿ ಮುಂದ ಬಾಯಿ ತೆರಿತಾಳ. ನಾ ಕೆಳಗ ನಿಂದ್ರತೇನಿ.

ನಿನ್ನ ಹಿರೇ ಮಗಳು,
ಶಾಂತವ್ವ